ಖಾಲಿ ಬೆನ್ನೆಲುಬು

ಮಾಸ್ತರರ ಆ ಉಗುರು ಬಲಗೈಯದು, ಅಥವಾ ಎಡಗೈಯದೇ ಇರಬಹುದು. ಆಸಿಡ್ ತಾಗಿ ಹಳದಿಗಟ್ಟಿದ ತೋರುಬೆರಳಿನ ಉಗುರು. ನನ್ನ ಹೆಡಕಿನ ಮೇಲೆ ಊರಿ, ಅಂಗಿಯ ಮೇಲಿಂದಲೇ ಒಂದೊಂದು ಎಲುಬು ದಾಟುತ್ತ ಕೆಳಗಿಳಿಯುತ್ತಿತ್ತು. ಅದು ಗೊತ್ತಾದದ್ದು ಬೆನ್ನಿಗೆ, ಕಣ್ಣಿಗಲ್ಲ. ಹಾಗಿದ್ದರೆ ಅದರ ಬಣ್ಣ ನನಗೆ ಹೇಗೆ ಗೊತ್ತು?

ರಾಯಚೂರಿನ ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನದ ಮಾಸ್ತರು. ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ಆದರೂ ಅವರ ಮಾತು ನನ್ನ ತಲೆಯಲ್ಲಿ ಉಳಿದಿರುವುದು ಕನ್ನಡದಲ್ಲಿ. ಯಾವುದು ಅವರದು, ಯಾವುದು ನಾನು ಕಟ್ಟಿದ್ದು, ಈಗ ಬಿಡಿಸಲಾರೆ.

"ಬುರುಡಿಯೊಳಗ ದೊಡ್ಡ ಮಿದುಳು, ಹುಕುಂ ಕೊಡಾಂವ. ಹಿಂದ ಸಣ್ಣ ಮಿದುಳು, ನೀ ಬೀಳದಂಗ ತೂಗಿ ಹಿಡಿಯಾಂವ. ಕೆಳಗ ಕಾಂಡ, ನೀ ಮಲಗಿದ್ರೂ ಉಸಿರು ನಡಸಾಂವ. ಅಲ್ಲಿಂದ ಬೆನ್ನೆಲುಬಿನೊಳಗ ಹುರಿ. ಹುಕುಂ ಇಳೀತದ, ಸುದ್ದಿ ಏರ್ತದ." ಸೊಂಟದ ಮೇಲೆ ಉಗುರು ನಿಲ್ಲುತ್ತಿತ್ತು. "ಹುರಿ ಇಲ್ಲಿಗಿ ಮುಗೀತು. ಮುಂದ ಕುದರಿ ಬಾಲದಂಗ ಬರೇ ಎಳಿ."

ಆ ವರ್ಷ ಮಾನ್ವಿಯಲ್ಲಿ ನನ್ನ ಅಣ್ಣ ಹತ್ತಿ ಹೇರಿದ ಬಂಡಿಯ ಮೇಲಿಂದ ಬಿದ್ದ. ಸೊಂಟದ ಕೆಳಗೆ ಅವನಿಗೆ ಏನೂ ಗೊತ್ತಾಗದಾಯಿತು. ಅಪ್ಪ ದೇವದುರ್ಗದ ಬರೆ ಹಾಕುವವನಿಗೆ ಹೇಳಿ ಕಳಿಸಿದ್ದ. ಕಾದ ಕಬ್ಬಿಣದಿಂದ ಎರಡೂ ಕಾಲು ಸುಟ್ಟರೆ ಜೀವ ಮರಳುತ್ತದೆಂಬ ನಂಬಿಕೆ. ನಾನು ಇದನ್ನು ಹೇಳಿದಾಗ ಮಾಸ್ತರು ಸೀಮೆಸುಣ್ಣ ಕೆಳಗಿಟ್ಟರು. ಇಡಲಿಲ್ಲವೋ ಏನೋ. ಆಗ ಶುಕ್ರವಾರ ಶಾಲೆಗೆ ರಜೆ. ನನ್ನ ಜೊತೆ ಬಸ್ಸಿನಲ್ಲಿ ಮಾನ್ವಿಗೆ ಬಂದರು, ಬಗಲಲ್ಲೊಂದು ಬಟ್ಟೆಯ ಗಂಟು.

ನಮ್ಮ ಮನೆಯಲ್ಲಿ ಮಾಂಸ ಹೊಸ್ತಿಲು ದಾಟುವುದಿಲ್ಲ. ಅಣ್ಣ ಮಲಗಿದ್ದ ಹೊರಸು ಅಂಗಳದ ಬೇವಿನ ಕೆಳಗಿತ್ತು. ಅವರು ಅಲ್ಲೇ ಕೂತು ಗಂಟು ಬಿಚ್ಚಿದರು. ಕುರಿಯ ಬೆನ್ನೆಲುಬು. ಒಳಗಿನ ಹುರಿಯನ್ನು ತೋರಿಸಿದರೆ, ಕೆಟ್ಟದ್ದು ಕಾಲಲ್ಲ ಎಂದು ಅಪ್ಪ ಒಪ್ಪುತ್ತಾನೆಂಬುದು ಅವರ ಲೆಕ್ಕ. ಆದರೆ ಕೊಳವೆ ಬರಿದು. "ಶರಣರ ಮನಿಗಿ ಒಯ್ಯೋದದ, ಸ್ವಚ್ಛ ಮಾಡಿ ಕೊಡು" ಎಂದು ಕಸಾಯಿಗೆ ಇವರೇ ಹೇಳಿದ್ದರಂತೆ. ಮುಸಲ್ಮಾನರಲ್ಲಿ ಆ ಹುರಿಯನ್ನು ತಿನ್ನುವುದಿಲ್ಲ. ಕಸಾಯಿ ರೂಢಿಯಂತೆ ಅದನ್ನೇ ಮೊದಲು ಎಳೆದು ಬಿಸಾಡಿದ್ದ.

"ಇದರಾಗ ಏನೂ ಇಲ್ಲಲ್ರೀ, ಮಾಸ್ತರ," ಅಂದ ಅಪ್ಪ.

ಮಾಸ್ತರು ಎತ್ತಿನ ಹಗ್ಗದಿಂದ ಒಂದು ಎಳೆ ಕಿತ್ತು ಎಲುಬಿನೊಳಗೆ ತೂರಿಸಿದರು. "ಇದು ಹುರಿ ಅಂತ ತಿಳೀರಿ. ಇಲ್ಲಿ ಜಜ್ಜಿ ಹೋಗ್ಯದ. ಕಾಲು ನೆಟ್ಟಗದಾವ. ಸುಟ್ರ ಗಾಯ ಆಗ್ತದ, ಕೊಳೀತದ, ಅವಗ ಗೊತ್ತೂ ಆಗಂಗಿಲ್ಲ."

ಅಪ್ಪ ಆ ಎಳೆಯನ್ನೇ ನೋಡಿದ. "ಹಂಗಾರ ಬೆನ್ನಿಗೇ ಬರಿ ಹಾಕ್ಸೂಣು."

ಪಾಠ ಹೀಗೆ ತಿರುಗಬಹುದೆಂದು ಮಾಸ್ತರರಿಗೆ ಹೊಳೆದಿರಲಿಲ್ಲ. ಹೊರಸಿನ ಮೇಲಿಂದ ಅಣ್ಣ ನಕ್ಕ. "ಯಪ್ಪಾ, ಬೆನ್ನು ನಂಗ ಗೊತ್ತಾಗ್ತದ. ಕಾಲಿಗೇ ಹಾಕ್ಸು. ನಾ ಆರಾಮ ಮಲಕೊಂಡಿರ್ತೀನಿ."

ಅಪ್ಪ ನಗಲಿಲ್ಲ. "ಹುರಿ ಮತ್ತ ಕೂಡತದೇನ್ರೀ?"

ಸುಳ್ಳು ಹೇಳಿದ್ದರೂ ಅಪ್ಪ ನಂಬುತ್ತಿದ್ದ. "ಇಲ್ರೀ," ಅಂದರು ಮಾಸ್ತರು. ಎಲುಬನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ, "ಆದ್ರ ಮಗ್ಗಲಾ ಹೊಳ್ಳಿಸ್ಕೋತ ಇರ್ರಿ. ದಿನಾ ಚರ್ಮ ನೋಡ್ರಿ. ಅವಗ ಗೊತ್ತಾಗದ್ದು ನಿಮಗ ಗೊತ್ತಾಗಬೇಕು."

ಬರೆ ಹಾಕುವವನು ಸಂಜೆಗೆ ಬಂದ. ಅಪ್ಪ ಅವನಿಗೆ ರೊಟ್ಟಿ ಹಾಕಿ, ಬಂದ ದಾರಿಗೆ ಕಳಿಸಿದ.

ಅಣ್ಣ ಆಮೇಲೆ ಕೆಲವು ವರ್ಷ ಬದುಕಿದ. ಅಪ್ಪ ಅವನ ಮೈಯಲ್ಲಿ ಹುಣ್ಣಾಗಗೊಡಲಿಲ್ಲ. ನಿಜಾಮರ ಆಡಳಿತ ಮುಗಿದ ಗದ್ದಲದಲ್ಲಿ ಮಾಸ್ತರು ರಾಯಚೂರು ಬಿಟ್ಟರು. ಅವರು ತೀರಿಕೊಂಡ ಸುದ್ದಿ ಬಹಳ ತಡವಾಗಿ ಬಂತು. ಎಲ್ಲಿ ಎಂದು ಅದನ್ನು ತಂದವನಿಗೂ ಗೊತ್ತಿರಲಿಲ್ಲ.

ಅಪ್ಪನ ಮನಸ್ಸು ತಿರುಗಿದ್ದು ಮಾಸ್ತರರ ಮಾತಿನಿಂದ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅಣ್ಣನ ನಗುವಿನಿಂದಲೂ ಇರಬಹುದು. ಅಪ್ಪ ಇರುವಾಗ ಕೇಳಬಹುದಿತ್ತು, ಕೇಳಲಿಲ್ಲ. ನನಗೆ ಗೊತ್ತಿಲ್ಲ.