ಕೆನ್ನೆಗೆ ಬಣ್ಣ ಹಚ್ಚಿದ ಮೇಷ್ಟ್ರು

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರುಸಂದಿಯಲ್ಲಿ ಯಾವಾಗಲೂ ನಸುಗೆಂಪು ಮೆತ್ತಿರುತ್ತಿತ್ತು. ಎಷ್ಟು ತೊಳೆದರೂ ಹೋಗದು. ಅದು ಊರ ಹೆಂಗಸರ ಕೆನ್ನೆಯ ಬಣ್ಣ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟೇ ಹೆಚ್ಚಿದ್ದ ಕಾಲದಲ್ಲಿ ಅವರದೊಂದು ಪುಟ್ಟ ಸ್ಟುಡಿಯೋ. ಕಪ್ಪು ಬಿಳುಪು ಫೋಟೋ ತೆಗೆದು, ಅದರ ಮೇಲೆಯೇ ಬಣ್ಣ ಹಚ್ಚಿ ಕೊಡುತ್ತಿದ್ದರು. ಹಿಂದೆ ಡ್ರಾಯಿಂಗ್ ಮೇಷ್ಟ್ರಾಗಿದ್ದರಂತೆ. ಆ ಹೆಸರೇ ಉಳಿದಿತ್ತು.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಬರೆಯಲೇಬೇಕು. ಮೊನ್ನೆ ಮೊಮ್ಮಗಳು, ಮೇಷ್ಟ್ರು ಮಾಡಿಕೊಟ್ಟ ಅವಳ ಅಜ್ಜಿಯ ಪಟವನ್ನು “ನಮ್ಮನೆ ಹಾಲ್‌ಗೆ ಬೇಕು ತಾತ” ಎಂದು ಎದೆಗವಚಿಕೊಂಡು ಹೋದಳು. ಆ ಸಂತೋಷ ನನ್ನೊಳಗೆ ಹಿಡಿಯುತ್ತಲೇ ಇಲ್ಲ.

ಈ ಮೊಮ್ಮಗಳ ತಾಯಿ ಇನ್ನೂ ಹೊಟ್ಟೆಯಲ್ಲಿದ್ದಾಗ, ಏಳನೇ ತಿಂಗಳಲ್ಲಿ, ಹೆಂಡತಿಗೆ ಮೊಗ್ಗಿನ ಜಡೆ ಹಾಕಿಸಿ, ಉತ್ತರಹಳ್ಳಿಯಿಂದ ಜಟಕಾದಲ್ಲಿ ಕರೆದೊಯ್ದು ತೆಗೆಸಿದ ಪಟ ಅದು. ವಾರ ಬಿಟ್ಟು ಸೈಕಲ್ಲಿನಲ್ಲಿ ತರಲು ಹೋದರೆ, ಮೇಷ್ಟ್ರು ಅವಳ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ತೀಡುತ್ತಿದ್ದಾರೆ! ಪಟದ ಕೆನ್ನೆಯೇ ಇರಬಹುದು, ನನಗೆ ಮೈಯೆಲ್ಲ ಉರಿಯಿತು.

“ಮೇಷ್ಟ್ರೇ, ಬ್ರಷ್ ಇಲ್ವಾ?”

“ಬ್ರಷ್‌ನಲ್ಲಿ ಬಳಿದ್ರೆ ಬೊಂಬೆ ಕೆನ್ನೆ ಆಗುತ್ತಯ್ಯ. ಬೆರಳ ಬಿಸಿಗೇ ಬಣ್ಣ ಕೂರೋದು.”

“ಹಂಗಾದ್ರೆ ನನ್ ಬೆರಳೇ ತಗೊಳ್ಳಿ!”

ಮೇಷ್ಟ್ರು ಕನ್ನಡಕ ಜಾರುವಷ್ಟು ನಕ್ಕರು. “ಆಗ್ಲಿ. ಮೊದ್ಲು ಹೇಳು, ಅವಳ ಕಣ್ಣು ಯಾವ ಬಣ್ಣ?”

“ಕಪ್ಪು. ಇನ್ಯಾವ್ದು?”

“ಹೋಗಿ ನೋಡ್ಕೊಂಡ್ ಬಾ. ಅಲ್ಲೀವರ್ಗೂ ಪಟ ಕೊಡಲ್ಲ.”

ಸಿಟ್ಟಿನಲ್ಲೇ ಸೈಕಲ್ ತುಳಿದು ಬಂದು, ಹೆಂಡತಿಯನ್ನು ಅಂಗಳದ ಬಿಸಿಲಿಗೆ ಕೂರಿಸಿ ಕಣ್ಣು ನೋಡಿದೆ.

“ಏನಾಗೈತೆ ನಿಮ್ಗೆ? ಗಾಳಿ ಗೀಳಿ ಮೆಟ್ಕೊಂಡೈತಾ?” ಎಂದಳು.

ಹುಣಸೆಬೀಜದ ಬಣ್ಣ! ಎರಡು ವರ್ಷ ಸಂಸಾರ ಮಾಡಿದ್ದೆ, ಕಂಡಿರಲಿಲ್ಲ.

ಮತ್ತೆ ಓಡಿದೆ. ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಪಟ ತಿರುಗಿಸಿ ತೋರಿಸಿದರು. ಕಣ್ಣಿಗೆ ಅದೇ ಬಣ್ಣ ಆಗಲೇ ತುಂಬಿದ್ದರು.

“ನೀವ್ಯಾವಾಗ ನೋಡಿದ್ರಿ?”

“ಕ್ಯಾಮೆರಾ ಮುಂದೆ ಕೂತಿದ್ಲಲ್ಲಯ್ಯ, ಆಗ.”

ಎರಡೇ ನಿಮಿಷ ಕೂತಿದ್ದಳು! ಆ ಹೊಟ್ಟೆಕಿಚ್ಚು ಇವತ್ತಿಗೂ ಪೂರ್ತಿ ಆರಿಲ್ಲ. ಆದರೆ ಈ ಮನುಷ್ಯನಿಗೆ ಸೋಲಬಾರದೆಂದೇ ಹೆಂಡತಿಯನ್ನು ದಿನಾ ನೋಡುವುದು ಕಲಿತೆ. ಅವರ ಋಣವೆಂದರೆ ಅದೇ.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡರು. ಸುದ್ದಿ ಕೇಳಿ ನನ್ನವಳು ಅತ್ತಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಆದರೆ ಅಳು ಬರುವ ಮುಂಚೆ ಅವಳ ಎಡಗಿವಿಯ ತುದಿ ಕೆಂಪೇರುತ್ತದೆ. ಅದನ್ನು ಮೇಷ್ಟ್ರು ಕಂಡಿರಲಿಲ್ಲ. ನಾನು ಕಂಡಿದ್ದೆ.