ನೀರು ಹಾಕಲೇನ್ರಿ, ಸಾಹೇಬ್ರ?

ಹೋದ ಭಾನುವಾರ ಒಂದು ಮದುವೆ, ವಿಸ್ಕಿಗೆ ನೀರು ಬೇಡ ಎಂದದ್ದಕ್ಕೆ ಮುರಿದು ಬೀಳುವುದರಲ್ಲಿತ್ತು. ನಗಬೇಡಿ. ನಾನು ಅಲ್ಲೇ ಇದ್ದೆ. ಕೈಯಲ್ಲಿ ಗ್ಲಾಸೂ ಇತ್ತು.

ಮೊದಲು ನನ್ನ ಗೆಳೆಯ ಓಬಳೇಶನ ಬಗ್ಗೆ ಹೇಳಬೇಕು. ಹರಪನಹಳ್ಳಿಯಲ್ಲಿ ಬ್ಯಾಂಕ್ ಮ್ಯಾನೇಜರ್. ಒಳ್ಳೆಯ ಮನುಷ್ಯ. ಮೊನ್ನೆ ಮೊನ್ನೆಯವರೆಗೂ ನಮ್ಮೆಲ್ಲರಂತೆ ಸಿಕ್ಕ ಬ್ರಾಂಡಿಗೆ ಸಿಕ್ಕ ನೀರು ಬೆರೆಸಿ, ಮಿರ್ಚಿ ಕಚ್ಚಿಕೊಂಡು ಕುಡಿದು ಸುಖವಾಗಿದ್ದವನು. ಬ್ಯಾಂಕಿನವರು ಟ್ರೈನಿಂಗ್ ಅಂತ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಯಾವನೋ ದೊಡ್ಡ ಆಫೀಸರ್ ಕ್ಲಬ್ಬಿಗೆ ಕರೆದುಕೊಂಡು ಹೋಗಿ ಇವನ ತಲೆ ಕೆಡಿಸಿದ. ಬ್ಯಾಂಕಿನ ವಿಷಯ ಏನು ಕಲಿತನೋ ಗೊತ್ತಿಲ್ಲ, ವಾಪಸ್ ಬಂದವನ ಬಾಯಲ್ಲಿ ಒಂದೇ ಮಾತು: ನೀಟ್!

"ವಿಸ್ಕಿಗೆ ನೀರು ಹಾಕೋದು ಅಂದ್ರ ಹೋಳಿಗಿಗೆ ಮಜ್ಜಿಗಿ ಹಾಕ್ಕೊಂಡಂಗಲೇ," ಎನ್ನುತ್ತಿದ್ದ.

ಗ್ಲಾಸು ಅಲ್ಲಾಡಿಸಬೇಕಂತೆ. ಮೂಸಬೇಕಂತೆ. ಒಂದು ಗುಟುಕು ನಾಲಿಗೆಯ ಮೇಲೆ ಇಟ್ಟುಕೊಂಡು ಕಾಯಬೇಕಂತೆ. (ಯಾರಿಗಾಗಿ ಕಾಯಬೇಕು ಎಂದು ಕೇಳಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದ.) ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಮ್ಮ ಕಡೆ ಸಿಗುವ ವಿಸ್ಕಿಯನ್ನು ನೀರಿಲ್ಲದೆ ನಾಲಿಗೆಯ ಮೇಲೆ ಇಟ್ಟುಕೊಳ್ಳಲು ಧೈರ್ಯ ಬೇಕು. ಅದು ಅವನಿಗಿತ್ತು.

ಇಂಥವನು ತನ್ನ ಅಕ್ಕನ ಮಗ ತಿಪ್ಪೇಶನಿಗೆ ಹೆಣ್ಣು ನೋಡಲು ಹೊರಟ. ತಿಪ್ಪೇಶ ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ತಂದೆ ಇಲ್ಲ, ಹಾಗಾಗಿ ಸೋದರಮಾವನ ಮಾತೇ ಕೊನೆ. ಅಕ್ಕ ಹಿಂದಿನ ವಾರವೇ ಹೋಗಿ ಹುಡುಗಿಯನ್ನು ನೋಡಿ ಮೆಚ್ಚಿ ಬಂದಿದ್ದಳು. ಬಾಕಿ ಇದ್ದದ್ದು ಹುಡುಗ ನೋಡುವುದು, ಮಾವ ಹೂಂ ಎನ್ನುವುದು. ಜೊತೆಗಿರಲಿ ಎಂದು ನನ್ನನ್ನೂ ಕೂಡ್ಲಿಗಿಯಲ್ಲಿ ಜೀಪು ಹತ್ತಿಸಿಕೊಂಡರು. ಹೆಣ್ಣಿನ ಮನೆ ಹೊಸಹಳ್ಳಿ ದಾಟಿ ಒಳಗಿನ ಒಂದು ಹಳ್ಳಿಯಲ್ಲಿ.

ಹುಡುಗಿಯ ಅಪ್ಪ ಪಾಲಯ್ಯ, ಹೊಲ ಕುರಿ ಎರಡೂ ಇರುವ, ಮಾತು ಕಮ್ಮಿಯ ಮನುಷ್ಯ. ಹುಡುಗಿ ಮಂಜುಳಾ, ಅದೇ ಊರಿನ ಅಂಗನವಾಡಿ ಟೀಚರ್. ಬಂದು ಕೂತಳು. ಕೇಳಿದ್ದಕ್ಕೆಲ್ಲ ಚುರುಕಾಗಿ ಉತ್ತರ ಕೊಟ್ಟಳು, ಆದರೆ ಬಾಯಿಗೆ ಸೆರಗು ಅಡ್ಡ ಹಿಡಿದೇ. ಒಮ್ಮೆ ತಿಪ್ಪೇಶ ಏನೋ ತಮಾಷೆ ಮಾಡಿದ. ನಗು ತಡೆಯಲಾಗದೆ ಸೆರಗು ಜಾರಿತು. ಹಲ್ಲಿನ ಮೇಲೆ ಕಂದು ಗೆರೆಗಳು.

ಕೂಡ್ಲಿಗಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ. ನಮ್ಮ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗಲೇ ಆ ಬಣ್ಣ ಹೊತ್ತು ಬರುತ್ತದೆ. ಏನು ತಿಕ್ಕಿದರೂ ಹೋಗುವುದಿಲ್ಲ. ಗಂಡಸರು ಅದೇ ಹಲ್ಲು ಕಿರಿದುಕೊಂಡು ಎಲೆಕ್ಷನ್ ಗೆಲ್ಲುತ್ತಾರೆ, ಹೆಣ್ಣು ನೋಡಲೂ ಹೋಗುತ್ತಾರೆ. ಸೆರಗು ಹಿಡಿಯಬೇಕಾದವರು ಮಾತ್ರ ಹೆಣ್ಣುಮಕ್ಕಳು! ಮಂಜುಳಾಳನ್ನು ಈ ಮೊದಲು ನೋಡಿ ಹೋದವರೆಲ್ಲ "ಹುಡುಗಿ ಚಲೋ ಅದಾಳ, ಆದ್ರ..." ಎಂದು ಸುದ್ದಿ ಕಳಿಸಿದ್ದರಂತೆ. ಆ 'ಆದ್ರ' ಏನೆಂದು ಮನೆಯವರಿಗೆಲ್ಲ ಗೊತ್ತಿತ್ತು.

ತಿಪ್ಪೇಶನ ಮುಖ ನೋಡಿದೆ. ಅವಳ ಜೊತೆ ಅವನೂ ನಗುತ್ತಿದ್ದ. ಮೇಷ್ಟ್ರು ಬಿದ್ದರು ಅಂದುಕೊಂಡೆ.

ಇನ್ನು ಆ ಎರಡೂ ಮನೆತನಗಳ ಪದ್ಧತಿ. ಹೆಣ್ಣು ನೋಡಲು ಬಂದವರಿಗೆ ಕಾಲಿಗೆ ನೀರು ಕೊಡುತ್ತಾರೆ, ಕುಡಿಯಲು ಕೊಡುವುದಿಲ್ಲ. ಮಾತೆಲ್ಲ ಮುಗಿದ ಮೇಲೆ ಹೆಣ್ಣಿನ ಅಪ್ಪ ತಂಬಿಗೆ ಹಿಡಿದು ಬರುತ್ತಾನೆ. ಗಂಡಿನ ಕಡೆಯ ಹಿರಿಯ ನೀರು ಕುಡಿದರೆ ಸಂಬಂಧ ಆಯಿತು. ನೀರು ಬೇಡ ಎಂದರೆ ಇಲ್ಲ. ಹುಡುಗಿ ಒಪ್ಪಿಗೆಯಾಗಲಿಲ್ಲ ಎಂಬ ಕೆಟ್ಟ ಮಾತನ್ನು ಯಾರೂ ಬಾಯಿಬಿಟ್ಟು ಆಡಬೇಕಿಲ್ಲ. ಎಂಥ ಮರ್ಯಾದೆಯ ಏರ್ಪಾಡು ನೋಡಿ.

ಆದರೆ ಪಾಲಯ್ಯ ಅವತ್ತು ಪದ್ಧತಿಯನ್ನು ಸ್ವಲ್ಪ ಮಾಡರ್ನ್ ಮಾಡಿದ್ದ. ಮ್ಯಾನೇಜರ್ ಸಾಹೇಬರಿಗೆ ವಿಸ್ಕಿ ಇಷ್ಟ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಗಂಡಸರನ್ನಷ್ಟೇ ಒಳಕೋಣೆಗೆ ಕರೆದ. ಕೂಡ್ಲಿಗಿಯಿಂದ ತರಿಸಿದ ಬಾಟಲಿ, ಸ್ಟೀಲ್ ಗ್ಲಾಸು, ಹುರಿದ ಶೇಂಗಾ. (ಹೆಣ್ಣು ನೋಡಲು ಹೋದಲ್ಲಿ ವಿಸ್ಕಿಯೇ ಎಂದು ಮೂಗು ಮುರಿಯುವವರು ಮುರಿದುಕೊಳ್ಳಲಿ.) ಗ್ಲಾಸುಗಳಿಗೆ ವಿಸ್ಕಿ ಹಾಕಿದ. ಆಮೇಲೆ ಎದ್ದು ನಿಂತು ಹೆಗಲ ಟವೆಲ್ ಸರಿ ಮಾಡಿಕೊಂಡ. ಹಿತ್ತಾಳೆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಓಬಳೇಶನ ಮುಂದೆ ಬಂದ.

"ನೀರು ಹಾಕಲೇನ್ರಿ, ಸಾಹೇಬ್ರ?"

"ಬ್ಯಾಡ ಬ್ಯಾಡ! ನೀರು ಮಾತ್ರ ಬ್ಯಾಡ!" ಓಬಳೇಶ ಗ್ಲಾಸಿನ ಮೇಲೆ ಅಂಗೈ ಮುಚ್ಚಿದ. "ನೀರು ಬಿದ್ರ ಎಲ್ಲಾ ಕೆಟ್ಟು ಹೋಗತೈತ್ರಿ. ಬಣ್ಣನೂ ಕೆಡತೈತಿ."

ಬಣ್ಣ ಅಂತೆ! ಆ ಮನೆಯಲ್ಲಿ, ಆ ಹೊತ್ತಿನಲ್ಲಿ ಆಡುವ ಮಾತೇ ಅದು?

ಪಾಲಯ್ಯನ ಕೈ ಅಲ್ಲೇ ನಿಂತಿತು. ಬಾಗಿಲಾಚೆ ಅಡುಗೆಮನೆಯಲ್ಲಿ ಬಳೆ ಸದ್ದು, ಹೆಂಗಸರ ಮಾತು, ಎಲ್ಲ ನಿಂತಿತು. ನಾನು ಓಬಳೇಶನ ಕಾಲು ತುಳಿದೆ. "ಯಾಕಲೇ, ಜಾಗ ಐತಲ್ಲ, ಸರದು ಕುಂದ್ರು," ಎಂದ. ಗ್ಲಾಸನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದ. ಕ್ಲಬ್ಬಿನ ಪಾಠ.

"ಆತು ಬಿಡ್ರಿ," ಪಾಲಯ್ಯ ತಂಬಿಗೆಯನ್ನು ನೆಲಕ್ಕಿಟ್ಟ. ದನಿ ಸಣ್ಣಗಾಗಿತ್ತು. "ಋಣ ಇಲ್ಲ ಅಂದ್ರ ಏನ್ ಮಾಡಾಕ ಬರತೈತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಸರಿಯಿತು. ಮಂಜುಳಾ! ಗಂಡಸರು ಕುಡಿಯಲು ಕೂತ ಕೋಣೆಗೆ ಹುಡುಗಿ ಬರುವ ಹಾಗಿಲ್ಲ. ಬಂದಳು. ಬಾಯಿಯ ಮೇಲೆ ಸೆರಗು ಇರಲಿಲ್ಲ.

"ಸಾಹೇಬ್ರ, ಇದು ಬೋರಿನ ನೀರಲ್ರಿ. ಅಪ್ಪ ನಸುಕಿನ್ಯಾಗ ಸೈಕಲ್ ತಗೊಂಡು ನಮ್ಮ ಅತ್ತಿ ಊರಿನ ಬಾವಿಗೆ ಹೋಗಿ ಸಿಹಿನೀರು ತಂದಾನ. ನಮಗ ಒಂದು ಹನಿ ಮುಟ್ಟಗೊಟ್ಟಿಲ್ಲ. ಇದನ್ನ ಕುಡದ್ರ ಯಾರ ಹಲ್ಲಿಗೂ ಏನೂ ಆಗಂಗಿಲ್ರಿ. ನಾನು ಬ್ಯಾಡಾಗಿದ್ರ ಬ್ಯಾಡ ಅಂದು ಹೋಗ್ರಿ. ನೀರಿಗೆ ಯಾಕ ಹೆಸರಿಡ್ತೀರಿ?"

ಓಬಳೇಶ ಕಣ್ಣು ತೆರೆದ. ಹುಡುಗಿಯನ್ನು ನೋಡಿದ. ನೆಲದ ಮೇಲಿನ ತಂಬಿಗೆ ನೋಡಿದ. ತಾನು ಏನಂದೆ ಎಂದು ಆಗ ತಲೆಗೆ ಹೋಯಿತು. ಅವನ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಿಜಕ್ಕೂ ಪಾಪ ಅನಿಸಿತು. ಕೆಟ್ಟ ಮನಸ್ಸಿನಿಂದ ಒಂದು ಮಾತೂ ಆಡದವನು ಇಡೀ ಮನೆಯನ್ನು ನೋಯಿಸಿ ಕೂತಿದ್ದ.

ಅಲ್ಲಿಯವರೆಗೆ ಶೇಂಗಾ ತಿನ್ನುತ್ತ ತಲೆ ತಗ್ಗಿಸಿದ್ದ ತಿಪ್ಪೇಶ, "ಮಾವಾ, ನೀರು ಕುಡಿ," ಎಂದ. ಹುಟ್ಟಿದಾಗಿನಿಂದ ಮಾವನಿಗೆ ಎದುರಾಡದ ಹುಡುಗ. ಆ ದನಿ ಕೇಳಿದ ಮೇಲೆ ಮದುವೆ ಯಾರದು ಎಂಬ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಓಬಳೇಶ ಬಗ್ಗಿ ತಂಬಿಗೆ ಎತ್ತಿಕೊಂಡ. ಅಂಗಿ ತೋಯುವ ಹಾಗೆ ಗಟಗಟ ಕುಡಿದ. ಆಮೇಲೆ ವಿಸ್ಕಿಗೂ ಸುರಿದ. ಗ್ಲಾಸು ತುಂಬಿ ಚಾಪೆಯ ಮೇಲೆ ಚೆಲ್ಲಿತು.

"ಇಕಾ ನೋಡವ್ವ, ಕುಡದೆ. ಕೆಡತೈತಿ ಅಂದಿದ್ದು ಈ ದರಿದ್ರ ವಿಸ್ಕಿ ಬಗ್ಗಿ. ನಾನೊಬ್ಬ ಎಬಡ. ಇನ್ನ ಮ್ಯಾಲ ಸಾಹೇಬ್ರ ಅನಬ್ಯಾಡ, ಮಾವ ಅನ್ನು."

ಪಾಲಯ್ಯ ಗೋಡೆ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಭಾಳ ಸೆಕಿ ಎಂದ. (ನನಗೂ ಸೆಕೆ ಆಯಿತು, ಸುಳ್ಳೇಕೆ ಹೇಳಲಿ.) ಈ ಕಡೆ ತಿರುಗಿ, "ಬೀಗರ, ಇನ್ನೊಂದೀಟು?" ಎಂದ. ಎತ್ತಿ ಹಿಡಿದದ್ದು ಬಾಟಲಿಯಲ್ಲ, ತಂಬಿಗೆ.

ವಾಪಸ್ ಬರುವಾಗ ಜೀಪಿನಲ್ಲಿ ಕೆಣಕಿದೆ. "ಹೆಂಗಿತ್ತಲೇ ವಿಸ್ಕಿ?"

"ಗೊತ್ತಾಗಲಿಲ್ಲ," ಎಂದ. "ನೀರು ಮಾತ್ರ ಭಾಳ ಚಲೋ ಇತ್ತು."

ನೀಟಾಗಿ ಕುಡಿಯುವವರ ಮೇಲೆ ನನಗೆ ಜಗಳವಿಲ್ಲ. ಅವರ ಗಂಟಲು, ಅವರ ಹಣೆಬರಹ. ಕ್ಲಬ್ಬಿನಲ್ಲಿ ನೀರು ನಲ್ಲಿ ತಿರುವಿದರೆ ಬರುತ್ತದೆ, ಬೇಡ ಎಂದರೆ ನಲ್ಲಿಗೆ ಬೇಜಾರಾಗುವುದಿಲ್ಲ. ನಮ್ಮ ಕಡೆ ವಿಸ್ಕಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಒಳ್ಳೆಯ ನೀರನ್ನು ಮಾತ್ರ ಯಾರಾದರೂ ಹೊತ್ತೇ ತರಬೇಕು. ಹೀಗಿರುವಾಗ ಅತಿಥಿಗೆ ಮಾಡಿದ ದೊಡ್ಡ ಸತ್ಕಾರ ಯಾವುದು?

ಹೇಗೆ ಬೇಕೋ ಹಾಗೆ ಕುಡಿಯಿರಿ, ಆದರೆ ನೀರು ಬೇಡ ಎಂದು ಗ್ಲಾಸು ಮುಚ್ಚುವ ಮುನ್ನ ಅದನ್ನು ಹೊತ್ತು ತಂದವರ ಮುಖ ಒಮ್ಮೆ ನೋಡುತ್ತೀರಾ?