ಟಕ್ ಅಂದರೆ ನಿಲ್ಲುವ ಕಾಲು

ಆ ಬೀದಿಯಲ್ಲಿ ಭಾನುವಾರ ಬೆಳಗ್ಗೆ ಏಳಕ್ಕೆ ಮುಂಚೆ ಓಡಾಡುತ್ತಿದ್ದದ್ದು ಹಾಲಿನ ಗಾಡಿ, ಪೇಪರಿನವನು, ಎರಡು ನಾಯಿ, ಇಷ್ಟೇ. ನಾಲ್ಕು ವರ್ಷದ ಹಿಂದೆ ಇವರ ಜೊತೆಗೆ ಇಬ್ಬರು ಸೈಕಲ್ಲಿನವರು ಸೇರಿದರು. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಬಣ್ಣದ ಅಂಗಿ, ತೊಡೆಗಂಟಿದ ಕರಿ ಚಡ್ಡಿ. ಬೀದಿಯವರು ಬಾಗಿಲಿಗೆ ಬಂದು ನೋಡಿ, ಮೂಗು ಮುರಿದು ಒಳಗೆ ಹೋದರು. ಮರುವರ್ಷ ಆ ಇಬ್ಬರು ಹತ್ತಾದರು, ಅದರ ಮರುವರ್ಷ ಮೂವತ್ತು. ಈಗಂತೂ ಹಲ್ಲಿನ ಡಾಕ್ಟರು, ಲೆಕ್ಕದ ಟೀಚರು, ಬ್ಯಾಂಕಿನ ಗುಮಾಸ್ತ, ಯಾರನ್ನು ಮಾತಾಡಿಸಿದರೂ ಸೈಕಲ್ಲಿನದೇ ಮಾತು. ಅಂದು ಮೂಗು ಮುರಿದವರಲ್ಲಿ ಅರ್ಧ ಜನ ಇವತ್ತು ಅದೇ ಕರಿ ಚಡ್ಡಿಯೊಳಗಿದ್ದಾರೆ. ಎಲ್ಲರೂ ಸೇರಿ ಒಂದು ಕ್ಲಬ್ಬು ಕಟ್ಟಿಕೊಂಡಿದ್ದಾರೆ, ವರ್ಷಕ್ಕೊಂದು ರೇಸು ಇಟ್ಟುಕೊಂಡಿದ್ದಾರೆ. ಗೆದ್ದವರಿಗೆ ಸಿಗುವುದು ಒಂದು ಗೊನೆ ಬಾಳೆಹಣ್ಣು. ಅಷ್ಟಕ್ಕಾಗಿ ಮೊಮ್ಮಕ್ಕಳನ್ನು ಕಂಡವರೂ ಹಲ್ಲು ಕಚ್ಚಿ ತುಳಿಯುವುದನ್ನು ಕಣ್ಣಾರೆ ನೋಡಬೇಕು.

ಚಡ್ಡಿ ಎಂದ ಮೇಲೆ ಹರಿಯಲೇಬೇಕು, ಹರಿದರೆ ಟೈಲರ ಹತ್ತಿರ ಬರಲೇಬೇಕು. ಹಾಗೆ ಬಂದದ್ದು ಮೆಷಿನ್ ಅಕ್ಕನ ಹತ್ತಿರ. ಈ ಹೆಸರು ಇಟ್ಟವರು ಕ್ಲಬ್ಬಿನವರೇ, ಅದು ಆಮೇಲಿನ ಮಾತು. ಆಗ ಅವಳು ಬರೀ ಟೈಲರಮ್ಮ.

ಅವಳಿಗೆ ನಲವತ್ತಾರು. ಹದಿನೆಂಟಕ್ಕೆ ಕಾಲುಮೆಷಿನ್ನಿನ ಮುಂದೆ ಕೂತವಳು ಎದ್ದದ್ದು ಮದುವೆಗೊಮ್ಮೆ, ಹೆರಿಗೆಗೊಮ್ಮೆ, ಉಳಿದಂತೆ ಊಟಕ್ಕೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬೆಳಕು ಸೂಜಿಯ ಮೇಲೆ ಬೀಳಲೆಂದು ಮೆಷಿನ್ನನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳು. ಜನ ಬರುತ್ತಾರೆ, ಅಳತೆ ಕೊಡುತ್ತಾರೆ, ಹೋಗುತ್ತಾರೆ. ಉಳಿದ ಹೊತ್ತೆಲ್ಲ ಅವಳು, ಅವಳೆದುರಿಗೆ ಗೋಡೆ. ಮಗಳು ಮದುವೆಯಾಗಿ ಹೋಗಿದ್ದಳು. ಗಂಡ ಕರೆಂಟಿನ ಕೆಲಸದವನು, ಒಳ್ಳೆಯವನೇ, ಆದರೆ ಮಾತಿನಲ್ಲಿ ಮಹಾ ಜಿಪುಣ. ಮನೆಯಲ್ಲಿ ಬಾಯಿ ಇದ್ದದ್ದು ಅತ್ತೆಗೆ ಮಾತ್ರ, ಅವರಿಗೆ ಅದು ಎಲ್ಲರ ಪಾಲಿನದೂ ಇತ್ತು.

ಹಲ್ಲಿನ ಡಾಕ್ಟರು ತಂದ ಚಡ್ಡಿಯ ಒಳಗಿನ ಮೆತ್ತೆ ಕಿತ್ತುಬಂದಿತ್ತು. ಹೊಲಿದುಕೊಟ್ಟಳು. ಭಾನುವಾರ ಕಳೆದು ಸೋಮವಾರ ವಾಪಸು ಬಂದರು, ಹೊಲಿಗೆ ಉಜ್ಜುತ್ತದಂತೆ. ಬಿಚ್ಚಿ ಹೊಲಿದಳು. ಮುಂದಿನ ಸೋಮವಾರ ಮತ್ತೆ ಬಂದರು, ಕುರ್ಚಿ ಕೊಟ್ಟರೆ ಬೇಡವೆಂದು ನಿಂತೇ ಮಾತಾಡಿದರು. ಎಲ್ಲಿ ಉಜ್ಜುತ್ತದೆ ಎಂದು ಕೇಳಲು ಇವಳಿಗೆ ನಾಚಿಕೆ, ಹೇಳಲು ಅವರಿಗೆ ಸಂಕೋಚ. ಕೊನೆಗೆ ಅವಳೇ, "ನಿಮ್ಮ ಸೈಕಲ್ ಇವತ್ತೊಂದಿನ ಬಿಟ್ಟು ಹೋಗಿ ಡಾಕ್ಟ್ರೇ. ಎಲ್ಲಿ ಒತ್ತುತ್ತೆ ಅಂತ ನಾನೇ ನೋಡ್ತೀನಿ" ಎಂದಳು.

ತನ್ನ ಅಳತೆಗೆ ಒಂದು ಚಡ್ಡಿ ಹೊಲಿದುಕೊಂಡು, ಮೇಲೆ ಉದ್ದನೆಯ ಅಂಗಿ ಹಾಕಿಕೊಂಡು, ಹಿಂದಿನ ಓಣಿಯಲ್ಲಿ ಸೈಕಲ್ ಹತ್ತಿದಳು. ಶಾಲೆಗೆ ಹೋಗುವ ಕಾಲದಲ್ಲಿ ಕಲಿತದ್ದು, ಮರೆತಿರಲಿಲ್ಲ. ಹತ್ತು ನಿಮಿಷದಲ್ಲಿ ಹೊಲಿಗೆಯ ತಪ್ಪು ಗೊತ್ತಾಯಿತು. ಇಳಿದದ್ದು ಮಾತ್ರ ಒಂದೂವರೆ ಗಂಟೆಯ ಮೇಲೆ. ಮೆಷಿನ್ನೂ ತುಳಿಯುವುದೇ, ಸೈಕಲ್ಲೂ ತುಳಿಯುವುದೇ. ಆದರೆ ಮೆಷಿನ್ ತುಳಿದರೆ ಮುಂದಕ್ಕೆ ಹೋಗುವುದು ಬಟ್ಟೆ. ಇಪ್ಪತ್ತೆಂಟು ವರ್ಷ ಬಟ್ಟೆಯನ್ನು ಮುಂದಕ್ಕೆ ಕಳಿಸಿ ತಾನು ಕೂತಲ್ಲೇ ಇದ್ದವಳಿಗೆ ತಾನೇ ಮುಂದೆ ಹೋಗುವ ರುಚಿ ಹತ್ತಿತು. ಆ ರುಚಿ ಹತ್ತಿದವರನ್ನು ಯಾರೂ ಹಿಡಿದು ನಿಲ್ಲಿಸಲಾರರು.

ಕ್ಲಬ್ಬಿನವರು ಒಂದು ಹಳೆಯ ಗೇರ್ ಸೈಕಲ್ಲನ್ನು ಅವಳಿಗೆ ಬಿಟ್ಟುಕೊಟ್ಟರು. ಮೊದಲ ಭಾನುವಾರವೇ ಎಲ್ಲರೂ ಬಾಯಿ ಬಿಟ್ಟರು. ಏರಿರಲಿ, ಇಳಿಜಾರಿರಲಿ, ಎದುರುಗಾಳಿ ಇರಲಿ, ಅವಳ ಕಾಲು ಒಂದೇ ಲೆಕ್ಕದಲ್ಲಿ ತಿರುಗುತ್ತಿತ್ತು. ಉಳಿದವರು ಹುಚ್ಚು ಹಿಡಿದಂತೆ ಮುನ್ನುಗ್ಗಿ, ದಮ್ಮು ಕಟ್ಟಿ, ಹಿಂದೆ ಬಿದ್ದು, ಮತ್ತೆ ಮುನ್ನುಗ್ಗುತ್ತಿದ್ದರೆ ಇವಳು ಪರದೆಗೆ ಅಂಚು ಹೊಲಿಯುವವಳ ಹಾಗೆ ಬರುತ್ತಿದ್ದಳು. ಮೆಷಿನ್ ಅಕ್ಕ ಎಂಬ ಹೆಸರು ಅವತ್ತೇ ಅಂಟಿಕೊಂಡಿತು.

ಅವಳಿಗೆ ಬೇಕಾಗಿದ್ದದ್ದು ವೇಗವಲ್ಲ. ಗುಂಪು. ಸೈಕಲ್ಲಿನವರು ಗಾಳಿ ತಪ್ಪಿಸಿಕೊಳ್ಳಲು ಒಬ್ಬರ ಚಕ್ರದ ಹಿಂದೆ ಇನ್ನೊಬ್ಬರು ಒಂದು ಗೇಣು ಬಿಟ್ಟು ಸಾಲಾಗಿ ಹೋಗುತ್ತಾರೆ. ಮುಂದಿನವರ ಬೆವರು ಹಿಂದಿನವರ ಮುಖಕ್ಕೆ ಸಿಡಿಯುವಷ್ಟು ಹತ್ತಿರ. ಒಬ್ಬರು ಹಲ್ಲುನೋವಿನ ಕಥೆ ಹೇಳುತ್ತಾರೆ, ಇನ್ನೊಬ್ಬರು ಸೊಸೆಯ ಕಥೆ, ಗುಂಡಿ ಬಂದರೆ ಎಲ್ಲರೂ ಒಟ್ಟಿಗೆ "ಗುಂಡಿ" ಎಂದು ಕೂಗುತ್ತಾರೆ. ಆ ಕೂಗಿನಲ್ಲಿ ತನ್ನ ದನಿಯೂ ಸೇರಿದಾಗ ಅವಳಿಗೆ ಎದೆ ತುಂಬಿಬರುತ್ತಿತ್ತು. ಗೋಡೆ ಯಾವತ್ತೂ ಅವಳಿಗೆ ಗುಂಡಿ ತೋರಿಸಿರಲಿಲ್ಲ.

ತೊಂದರೆ ಶುರುವಾದದ್ದೂ ಗುಂಪಿನಲ್ಲೇ. ಹೊಲಿಯುವಾಗ ದಾರ ತುಂಡಾದರೆ 'ಟಕ್' ಎಂದು ಒಂದು ಸಣ್ಣ ಸದ್ದಾಗುತ್ತದೆ. ಬೇರೆಯವರ ಕಿವಿಗೆ ಅದು ಬೀಳುವುದೂ ಇಲ್ಲ. ಟೈಲರಿಗಾದರೆ, ತಲೆಗೆ ಸುದ್ದಿ ಮುಟ್ಟುವ ಮೊದಲೇ ಕಾಲು ನಿಂತಿರುತ್ತದೆ. ನಿಲ್ಲದಿದ್ದರೆ ಸೂಜಿ ಬರೀ ತೂತು ಹಾಕುತ್ತಾ ಹೋಗುತ್ತದಲ್ಲ. ಗೇರ್ ಸೈಕಲ್ಲಿನಲ್ಲಿ ಗೇರು ಬದಲಿಸಿದಾಗ ಬರುವುದೂ ಅದೇ ಸದ್ದು, ಟಕ್. ಮುಂದಿನವರು ಗೇರು ಬದಲಿಸಿದರೆ ಸಾಕು, ಅಕ್ಕನ ಕಾಲು ಗಕ್ಕನೆ ನಿಲ್ಲುತ್ತಿತ್ತು.

"ಅಕ್ಕ, ಬ್ರೇಕ್ ಹಿಡೀತಿದ್ದೀರಾ?" ಎಂದು ಹಿಂದಿನಿಂದ ಡಾಕ್ಟರು ಕೇಳಿದರು. ಆ ಗುಂಪಿಗೆ ಅವರೇ ನಾಯಕರು.

"ಇಲ್ಲ ಡಾಕ್ಟ್ರೇ, ದಾರ ತುಂಡಾಯ್ತು" ಎಂದುಬಿಟ್ಟಳು.

ಅವತ್ತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು. ಮೂರನೆಯ ಭಾನುವಾರ ನಗು ಬರಲಿಲ್ಲ. ಅವಳ ಕಾಲು ನಿಂತದ್ದೇ ಹಿಂದಿದ್ದ ಲೆಕ್ಕದ ಟೀಚರು ಗುದ್ದಿ ಬಿದ್ದು ಮೊಣಕೈ ತರಚಿಕೊಂಡರು. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು.

"ಬೇಜಾರು ಮಾಡ್ಕೋಬೇಡಿ ಅಕ್ಕ. ಗುಂಪಲ್ಲಿ ಒಬ್ರು ನಿಂತ್ರೆ ಹಿಂದಿನವರೆಲ್ಲ ಬೀಳ್ತಾರೆ. ರೇಸಿಗೆ ಇನ್ನೂ ನಾಲ್ಕು ವಾರ ಇದೆ. ಅದರ ಹಿಂದಿನ ಭಾನುವಾರ ನಾನೇ ನಿಮ್ಮ ಜೊತೆ ಬಂದು ನೋಡ್ತೀನಿ. ಕಾಲು ನಿಲ್ಲದೆ ಇದ್ರೆ ಗುಂಪಲ್ಲಿ ಬನ್ನಿ. ನಿಂತ್ರೆ, ಇನ್ಮೇಲೆ ನೀವು ಒಬ್ರೇ ಹಿಂದೆ ಬರಬೇಕಾಗುತ್ತೆ." ಹಲ್ಲು ಕೀಳುವಾಗಲೂ ಅವರು ಇಷ್ಟೇ ಮೆತ್ತಗೆ ಮಾತಾಡುತ್ತಾರಂತೆ. ನೋವಂತೂ ಆಗಿಯೇ ಆಯಿತು.

ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತವಳನ್ನು ಅತ್ತೆ ಕೆದಕಿ ಕೆದಕಿ ವಿಷಯ ಹೊರತೆಗೆದರು. ತೆಗೆದಮೇಲೆ ಅವರ ಮುಖ ಅರಳಿತು. ಎಪ್ಪತ್ತೆರಡರ ಹೆಂಗಸಿಗೆ ಹೊತ್ತು ಕಳೆಯುವುದೇ ದೊಡ್ಡ ಕೆಲಸವಾಗಿದ್ದಾಗ ಇದೊಂದು ಉದ್ಯೋಗ ಮನೆಬಾಗಿಲಿಗೇ ಬಂದಿತ್ತು.

"ಇಷ್ಟೇ ತಾನೆ? ನಾಳೆಯಿಂದ ದಾರ ಹಾಕದೆ ಮೆಷಿನ್ ತುಳಿ. ನಾನು ಸದ್ದು ಮಾಡ್ತೀನಿ, ನೀನು ನಿಲ್ಲಬೇಡ" ಎಂದರು.

ಸದ್ದಿಗೆ ಅವರು ಹುಡುಕಿಕೊಂಡದ್ದು ತಮ್ಮ ಕನ್ನಡಕದ ಡಬ್ಬಿ. ಮುಚ್ಚಿದರೆ ಟಕ್ ಅನ್ನುತ್ತಿತ್ತು. ದಿನಾ ಸಂಜೆ ನಾಲ್ಕಕ್ಕೆ ಸೊಸೆ ಬರಿಗಾಲಲ್ಲಿ ಮೆಷಿನ್ ತುಳಿಯುವುದು, ಅತ್ತೆ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂರುವುದು. ಅವರು ಏನೂ ಗೊತ್ತಿಲ್ಲದವರಂತೆ ಪಕ್ಕದ ಮನೆಯ ಸುದ್ದಿ ಎತ್ತುತ್ತಿದ್ದರು. ಸುದ್ದಿ ರಂಗೇರಿ ಸೊಸೆ "ಆಮೇಲೆ?" ಎನ್ನುವ ಹೊತ್ತಿಗೆ ಟಕ್.

"ನಿಂತಿತು."

"ನಿಲ್ಲಲಿಲ್ಲ ಅತ್ತೆ, ಸ್ವಲ್ಪ ನಿಧಾನ ಆಯ್ತು."

"ನಿಧಾನ ಆಗಿ ಆಗಿಯೇ ಎಲ್ಲಾ ನಿಲ್ಲೋದು. ತುಳಿ."

ಗಂಡ ಟೀ ಕುಡಿಯುತ್ತಾ ನಾಲ್ಕು ದಿನ ನೋಡಿದ. ಐದನೆಯ ದಿನ, "ಇಬ್ಬರಿಗೂ ತಲೆ ಕೆಟ್ಟಿದೆ" ಎಂದ. ಅದು ಅವನ ಒಂದು ವಾರದ ಮಾತು.

ಎರಡನೆಯ ವಾರ ಕಾಲು ಹತ್ತಕ್ಕೆ ಆರು ಸಲ ನಿಲ್ಲುತ್ತಿತ್ತು, ಮೂರನೆಯ ವಾರ ಹತ್ತಕ್ಕೆ ಒಂದು. ಪರೀಕ್ಷೆಯ ಭಾನುವಾರಕ್ಕೆ ಇನ್ನು ಎರಡು ದಿನ ಇರುವಾಗ ಒಂದು ಲಾಡ್ಜಿನ ಪರದೆಗಳು ಹೊಲಿಯಲು ಬಂದವು. ಎಂಟಡಿಯ ಪರದೆಗೆ ಅಂಚು ಹೊಲಿದು ಮುಗಿಸಿ ಎತ್ತಿ ಕೊಡವಿದಳು. ಮಡಿಕೆ ಬಿಚ್ಚಿಕೊಂಡು ಕಾಲ ಮೇಲೆ ಬಿತ್ತು. ಒಂದಡಿಯಷ್ಟು ಹೊಲಿಗೆ ಇತ್ತು, ಉಳಿದ ಏಳಡಿ ಬರೀ ತೂತು. ದಾರ ತುಂಡಾದದ್ದು ಕಾಲಿಗೆ ಗೊತ್ತೇ ಆಗಿರಲಿಲ್ಲ. ಪರದೆಯನ್ನು ಎತ್ತಿ ಹಿಡಿದು "ಅತ್ತೆ, ಅತ್ತೆ, ಬನ್ನಿ ಇಲ್ಲಿ" ಎಂದು ಕರೆದಳು. ಕೆಲಸ ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟ ಟೈಲರು ಇನ್ನೊಬ್ಬಳು ಇರಲಿಕ್ಕಿಲ್ಲ. ಅತ್ತೆ ಆ ತೂತುಗಳ ಮೇಲೆ ಬೆರಳಾಡಿಸಿ, ಮೊಮ್ಮಗಳ ಮಾರ್ಕ್ಸ್ ಕಾರ್ಡು ನೋಡಿದಾಗಲೂ ಅಷ್ಟು ಹೆಮ್ಮೆಪಡದವರು, "ನಾನು ಹೇಳಲಿಲ್ವಾ" ಎಂದರು.

ಭಾನುವಾರ ಡಾಕ್ಟರು ಅವಳ ಹಿಂದೆಯೇ ಬಂದು, ಬೇಕೆಂದೇ ಗೇರು ಮೇಲೆ ಕೆಳಗೆ ಮಾಡಿ ಮಾಡಿ ಕೈ ನೋಯಿಸಿಕೊಂಡರು. ಕಾಲು ಒಮ್ಮೆಯೂ ನಿಲ್ಲಲಿಲ್ಲ. "ಮುಂದಿನ ವಾರ ಗುಂಪಲ್ಲೇ ಬನ್ನಿ ಅಕ್ಕ" ಎಂದರು. ಅವಳು ತಲೆಯಾಡಿಸಿದಳು.

ರೇಸಿನ ಬೆಳಗ್ಗೆ ಮಂಜು ಕವಿದಿತ್ತು. ಹೋಗಿ ಬರುವುದು ಸೇರಿ ನಲವತ್ತು ಕಿಲೋಮೀಟರು. ಅವಳ ಗುಂಪಿನಲ್ಲಿ ಹದಿನಾಲ್ಕು ಜನ, ಮೊದಲು ಹೊರಟದ್ದು ಅದೇ, ಉಳಿದವರು ಅರ್ಧ ಗಂಟೆ ಬಿಟ್ಟು. ಗುರಿಯ ಗೆರೆ ಪೆಟ್ರೋಲ್ ಬಂಕಿನ ಎದುರು. ಅಲ್ಲಿ ಬೇಕರಿಯವನು ಸ್ಟಾಪ್‌ವಾಚು ಹಿಡಿದು ನಿಂತಿದ್ದ. ಪಕ್ಕದಲ್ಲೇ ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶಾಲು ಹೊದ್ದು ಕೂತಿದ್ದರು, ಬಾಳೆಗೊನೆಯನ್ನು ಕಾಯುವವರ ಹಾಗೆ.

ಮೂವತ್ತೇಳು ಕಿಲೋಮೀಟರು ಎಲ್ಲರೂ ಒಟ್ಟಿಗೇ ಬಂದರು. ಅಕ್ಕ ಸಾಲಿನ ಕೊನೆಯಲ್ಲಿದ್ದಳು, ಮುಂದಿನ ಚಕ್ರ ಒಂದು ಬಿಟ್ಟರೆ ಮಂಜಿನಲ್ಲಿ ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ. ನಾಲೆಯ ಪಕ್ಕದ ತಿರುವಿನಲ್ಲಿ ಮುಂದಿನಿಂದ ಒಂದು ಸದ್ದು ಬಂತು, ಗೇರಿನದಕ್ಕಿಂತ ಜೋರಾದ ಟಕ್. ಲೆಕ್ಕದ ಟೀಚರ ಚೈನು ತುಂಡಾಗಿತ್ತು. ಅವಳ ಮುಂದಿನವರು ಎಡಕ್ಕೆ ವಾಲಿ ಕಾಲು ಊರಿದರು, ಯಾರೋ ಬೈದರು. ಅಕ್ಕನ ಕಾಲು ಮಾತ್ರ ನಿಲ್ಲಲಿಲ್ಲ. ಬಲಕ್ಕೆ ಸರಿದು, ದಾಟಿ, ಮುಂದಿನ ಚಕ್ರ ಹುಡುಕಿದಳು. ಚಕ್ರ ಇರಲಿಲ್ಲ.

ನಿಂತವರು ಇಬ್ಬರು ಮೂವರು, ಉಳಿದವರು ಮಂಜಿನೊಳಗೆ ಮುಂದೆ ಹೋಗಿಬಿಟ್ಟಿದ್ದಾರೆ, ತಾನು ಬಳಸಿ ಬರುವಷ್ಟರಲ್ಲಿ ಮತ್ತೆ ಹಿಂದೆ ಬಿದ್ದೆ, ಎಂದುಕೊಂಡಳು. ಇಷ್ಟೆಲ್ಲ ಮಾಡಿ ಕೊನೆಗೂ ಒಬ್ಬಳೇ. ಜೀವಮಾನದಲ್ಲಿ ಮೊದಲ ಸಲ ಒಂದೇ ಲೆಕ್ಕದ ತುಳಿತವನ್ನು ಬಿಟ್ಟು ಸಿಕ್ಕಾಪಟ್ಟೆ ತುಳಿದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಇನ್ನೇನು ಯಾರದಾದರೂ ಬೆನ್ನು ಕಾಣಬೇಕು, ಇನ್ನೇನು ಕಾಣಬೇಕು. ಬೆನ್ನು ಕಾಣಲಿಲ್ಲ, ಪೆಟ್ರೋಲ್ ಬಂಕು ಕಂಡಿತು.

ಗೆರೆ ದಾಟಿ ಏದುಸಿರು ಬಿಡುತ್ತಾ, "ಎಲ್ಲಾ ಹೋಗ್ಬಿಟ್ರಾ?" ಎಂದು ಕೇಳಿದಳು.

"ಯಾರು?" ಎಂದ ಬೇಕರಿಯವನು.

"ನಮ್ಮ ಗುಂಪು."

ಅವನು ಸ್ಟಾಪ್‌ವಾಚು ನೋಡಿದ, ಅವಳನ್ನು ನೋಡಿದ. "ಇನ್ನೂ ಯಾರೂ ಬಂದಿಲ್ಲ ಅಕ್ಕ. ನೀವೇ ಮೊದಲು."

ಅತ್ತೆ ಆಗಲೇ ಬಾಳೆಗೊನೆಯ ಮೇಲೆ ಕೈ ಇಟ್ಟಿದ್ದರು. ಅಕ್ಕನಿಗೆ ಅದು ಕಾಣಲೇ ಇಲ್ಲ. ಎರಡು ನಿಮಿಷ ರಸ್ತೆ ನೋಡಿದಳು. ಬೇಕರಿಯವನು ಡಾಕ್ಟರಿಗೆ ಫೋನು ಮಾಡಿದ, ಎತ್ತಲಿಲ್ಲ. ಅವಳಿಗೆ ನಾಲೆಯ ನೆನಪಾಯಿತು. "ನೋಡ್ಕೊಂಡು ಬರ್ತೀನಿ ಅತ್ತೆ" ಎಂದು ಸೈಕಲ್ಲು ತಿರುಗಿಸಿದಳು.

ತಿರುವಿನ ಹತ್ತಿರ ಬರುವಾಗ ಮಾತು ಕೇಳಿಸಿತು. ನಿಧಾನ ಮಾಡಿದಳು. ಸೈಕಲ್ಲುಗಳೆಲ್ಲ ರಸ್ತೆಯ ಅಂಚಿನಲ್ಲಿ ಅಡ್ಡ ಮಲಗಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಚೈನು ತುಂಡಾದ ಗಡಿಬಿಡಿಯಲ್ಲಿ, ಆ ಮಂಜಿನಲ್ಲಿ, ಅವಳು ದಾಟಿ ಹೋದದ್ದನ್ನು ಯಾರೂ ನೋಡಿರಲಿಲ್ಲ. ಎಲ್ಲರೂ ಅವಳಿಗೆ ಬೆನ್ನು ಹಾಕಿ, ಬಂದ ದಾರಿಯ ಕಡೆ ಮುಖ ಮಾಡಿ ನಿಂತಿದ್ದರು. ಡಾಕ್ಟರು ಇನ್ನೊಮ್ಮೆ ಎಣಿಸುತ್ತಿದ್ದರು, "ಹನ್ನೊಂದು, ಹನ್ನೆರಡು, ಹದಿಮೂರು. ಇಲ್ಲ, ಅಕ್ಕ ಒಬ್ರೇ ಇಲ್ಲ. ಹಿಂದೆಲ್ಲೋ ಬಿದ್ದಿದ್ದಾರೆ."

"ರೇಸ್ ಹಾಳಾಗಿ ಹೋಗ್ಲಿ, ಅವರು ಬರೋ ತನಕ ಯಾರೂ ಹೊರಡೋದು ಬೇಡ" ಎಂದರು ಟೀಚರು, ಮೊಣಕೈ ತರಚಿಸಿಕೊಂಡಿದ್ದವರೇ. ಬ್ಯಾಂಕಿನ ಗುಮಾಸ್ತ ನಾಲೆಯ ದಂಡೆಗೆ ಇಳಿದು ಇಣುಕುತ್ತಿದ್ದ. ಎಲ್ಲರೂ ಸೇರಿ ಮಂಜಿನೊಳಗೆ ಕೂಗಿದರು, "ಅಕ್ಕಾ..."

ಅವರ ಬೆನ್ನ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವಳು ಕಾಲು ಊರಿ ನಿಂತಿದ್ದಳು. ಇಲ್ಲಿದ್ದೀನಿ ಎನ್ನಲು ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು. ಇನ್ನೊಂದು ಸಲ ಕರೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.